ಮಗಳಿಗೊಂದು ಪತ್ರ: ಪುಟ್ಟಿಯ ಪಿಟೀಲು ಪಾಠದ ವಿಚಾರ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಬರುವ ವಿಜಯದಶಮಿಯಂದು ಪುಟ್ಟಿಗೆ ಪಿಟೀಲಿನ ಪಾಠ ಆರಂಭಿಸಬಹುದೇ ಎಂದು ಕೇಳಿದ್ದೀಯೆ. ಐದು ತುಂಬಿದ ಮಗುವಿಗೆ ಪಾಠವನ್ನು ಧಾರಾಳವಾಗಿ ಆರಂಭಿಸು. ಪಿಟೀಲನ್ನು ಮಾತ್ರ ಇನ್ನೆರಡು ವರ್ಷ ಅವಳ ಕೈಗೆ ಕೊಡಬೇಡ. ನಿನ್ನ ತಂದೆಯವರು ಇದನ್ನು ಒಪ್ಪುವುದಿಲ್ಲ. ಮೃದಂಗ ನುಡಿಸುವವರಿಗೆ ಗಾಂಧಾರ ಸ್ವರದ ಕಷ್ಟವೇನು ಗೊತ್ತು ಎಂದು ಕೇಳಿ ನಾನು ಆಗಲೇ ಬೈಸಿಕೊಂಡಿದ್ದೇನೆ.

ಸಂಗೀತದ ಮನೆಯಲ್ಲಿ ಹುಟ್ಟಿದ ಮಗುವಿಗೆ ವಾದ್ಯ ಬೇಗ ಒಲಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಅಂಥ ಮಗುವಿಗೆ ಮೊದಲು ಪಳಗುವುದು ಕಿವಿ. ಕೈ ಬಹಳ ಹಿಂದೆ ಉಳಿದಿರುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸ-ರಿ-ಗ-ಮ ಕಲಿಸುವ ಮೊದಲ ಪಾಠವಾದ ಸರಳೆ ವರಸೆಯನ್ನೇ ತೆಗೆದುಕೋ. ಷಡ್ಜದ ಪಕ್ಕದಲ್ಲೇ ಶುದ್ಧ ರಿಷಭ, ಅಲ್ಲಿಂದ ಅಂತರ ಗಾಂಧಾರಕ್ಕೆ ಬೆರಳನ್ನು ದೂರ ಚಾಚಬೇಕು, ಮತ್ತೆ ಗಾಂಧಾರಕ್ಕೆ ಅಂಟಿಕೊಂಡಂತೆ ಮಧ್ಯಮ. ವೀಣೆಗಾದರೆ ಮೆಟ್ಟಿಲುಗಳಿವೆ, ಪಿಟೀಲಿನಲ್ಲಿ ಬೆರಳಿಡುವ ಜಾಗಕ್ಕೆ ಯಾವ ಗುರುತೂ ಇಲ್ಲ. ಪುಟ್ಟ ಬೆರಳು ಅಷ್ಟು ದೂರ ಹೋಗದೆ ಗಾಂಧಾರ ಇಳಿಯುತ್ತದೆ, ಇಳಿದದ್ದು ಮಗುವಿಗೇ ಎಲ್ಲರಿಗಿಂತ ಮೊದಲು ಕೇಳಿಸುತ್ತದೆ, ಸರಿಪಡಿಸಲು ಮಾತ್ರ ಅದರ ಕೈಲಾಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನಮ್ಮಜ್ಜಿ, ಸಾಸಿವೆಯ ಚಟಪಟದ ನಡುವೆಯೂ ನಡುಮನೆಯ ನನ್ನ ಪಾಠವನ್ನು ಆಲಿಸಿ, ‘ಗಾಂಧಾರ!’ ಎಂದು ಕೂಗುತ್ತಿದ್ದರು. ಅವರು ಕೂಗುವುದು ನ್ಯಾಯವಾಗಿಯೇ ಇರುತ್ತಿದ್ದುದರಿಂದ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ಆದ್ದರಿಂದ ಮೊದಲು ಹಾಡುವ ಪಾಠವಾಗಲಿ. ಸರಳೆ, ಜಂಟಿ ವರಸೆ, ಅಲಂಕಾರಗಳೆಂಬ ಆರಂಭದ ಅಭ್ಯಾಸಗಳನ್ನು ತಾಳ ಹಾಕಿಕೊಂಡು ಮೂರು ಕಾಲದಲ್ಲಿಯೂ, ಅಂದರೆ ಮೂರು ವೇಗದಲ್ಲಿಯೂ, ಹಾಡಲಿ. ನಮ್ಮ ಪದ್ಧತಿಯಲ್ಲಿ ಪಿಟೀಲು ಹಾಡನ್ನೇ ನುಡಿಸಬೇಕಾಗಿರುವುದರಿಂದ, ಸಾಹಿತ್ಯದ ಅಕ್ಷರಗಳು ಎಲ್ಲಿ ಬೀಳುತ್ತವೆ ಎಂಬುದು ಬಾಯಿಗೆ ತಿಳಿಯದೆ ಕಮಾನು ಎಲ್ಲಿ ತಿರುಗಬೇಕೆಂಬುದು ಕೈಗೆ ತಿಳಿಯದು. ಮೈಸೂರು ಟಿ. ಚೌಡಯ್ಯನವರು 1910ರಿಂದ 1918ರವರೆಗೆ ಶಿಷ್ಯವೃತ್ತಿ ಮಾಡಿದ್ದು ಬಿಡಾರಂ ಕೃಷ್ಣಪ್ಪನವರಲ್ಲಿ. ಕೃಷ್ಣಪ್ಪನವರು ಹೆಸರಾದದ್ದು ಗಾಯನಕ್ಕೆ. ಏಳು ತಂತಿಯ ಪಿಟೀಲನ್ನು ಸಭೆಗೆ ತಂದ ವಿದ್ವಾಂಸರ ಪಾಠ ಹಾಡುಗಾರರ ಮನೆಯಲ್ಲಿ ನಡೆಯಿತೆಂಬುದನ್ನು ನಿನ್ನ ತಂದೆಯವರಿಗೂ ನೆನಪಿಸಿದ್ದೇನೆ.

ಏಳು ತುಂಬಿದ ಮೇಲೆ, ಅಟ್ಟದಲ್ಲಿರುವ ನಿನ್ನ ಅರ್ಧ ಅಳತೆಯ ಪಿಟೀಲನ್ನು ಕಳಿಸುತ್ತೇನೆ. ಕಾಲು ಮಡಚಿ ಕುಳಿತು ವಾದ್ಯದ ತಲೆಯನ್ನು ಬಲಪಾದದ ಮೇಲೆ ಇರಿಸಿದಾಗ ಮಗುವಿನ ಬೆನ್ನು ಬಾಗಬಾರದು, ದೊಡ್ಡ ಪಿಟೀಲಾದರೆ ಬಾಗಿಯೇ ಬಾಗುತ್ತದೆ. ನಿನ್ನ ಆ ಪಿಟೀಲಿನ ತಂತಿ ಬಿಗಿಯುವ ಬಿರಡೆಗಳು ಸಡಿಲವಾಗಿವೆ, ಕಮಾನಿನ ಕೂದಲು ಉದುರಿದೆ. ಎರಡನ್ನೂ ಇಲ್ಲೇ ಸರಿಮಾಡಿಸುತ್ತೇನೆ.

ಅಲ್ಲಿಯವರೆಗೆ ಮನೆಯಲ್ಲಿ ಪಿಟೀಲು ಕೇಳಿಸುತ್ತಿರಬೇಕಾದದ್ದು ನಿನ್ನಿಂದ. ಮದುವೆಯಾದ ಮೇಲೆ ನೀನು ಪೆಟ್ಟಿಗೆ ತೆರೆಯುವುದೇ ಅಪರೂಪವೆಂದು ಅಳಿಯಂದಿರು ಫೋನಿನಲ್ಲಿ ಹೇಳಿದರು. ಅದರ ವಿಚಾರ ದಸರೆಗೆ ಬಂದಾಗ ಮಾತನಾಡೋಣ.

ಇಂತಿ,
ನಿನ್ನ ಅಮ್ಮ