ಹೊಲಿಗೆ ಅಂಗಡಿಯಿಂದ ಒಂದು ಥ್ಯಾಂಕ್ಸ್, ಒಂದು ಕ್ಷಮೆ

ಈ ಶ್ರಾವಣಕ್ಕೆ ನನ್ನ ಆಪರೇಷನ್ ಆಗಿ ಒಂದು ವರ್ಷ. ದಾವಣಗೆರೆಯಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಎಷ್ಟೋ ಜನರಿಗೆ ಈ ವಿಷಯ ಗೊತ್ತಿಲ್ಲ. "ರಾಗಿ ಗಂಜಿ ಕುಡಿದು, ವಾಕಿಂಗ್ ಮಾಡಿ ಇಳಿಸಿದೆ" ಅಂತ ನಾನೇ ಹೇಳಿದ್ದೆ. ಅದು ಸುಳ್ಳು. ನಾನು ಬೆಂಗಳೂರಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದೆ. ಇವತ್ತು ಅದನ್ನು ಎಲ್ಲರಿಗೂ ಹೇಳಿ, ಜೊತೆಗೆ ನಿಂತವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಕೂತಿದ್ದೇನೆ. ಒಬ್ಬರ ಹತ್ತಿರ ಕ್ಷಮೆಯನ್ನೂ ಕೇಳುವುದಿದೆ.

22 ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಆಪರೇಷನ್‌ಗೆ ಮುಂಚೆ ನನ್ನ ತೂಕ 108 ಕೆಜಿ ಇತ್ತು. ಸಕ್ಕರೆ ಕಾಯಿಲೆ ಬಂದು 11 ವರ್ಷವಾಗಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುತ್ತಲ್ಲ, ಆ ಟೆಸ್ಟಿನಲ್ಲಿ 9.6 ಬಂದಿತ್ತು. ಇನ್ಸುಲಿನ್ ಶುರುವಾಗಿತ್ತು. ಮಿಷನ್ ಮುಂದೆ ಒಂದು ಗಂಟೆ ಕೂತರೆ ಏಳುವುದಕ್ಕೆ ಮೇಜು ಹಿಡಿಯಬೇಕಿತ್ತು.

ಏನೂ ಮಾಡದೆ ಹೋಗಿ ಆಪರೇಷನ್ ಮಾಡಿಸಿಕೊಂಡವಳಲ್ಲ ನಾನು. ಅನ್ನ ಬಿಟ್ಟೆ. ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಐದೂವರೆಗೆ ಎದ್ದು ಹೈಸ್ಕೂಲ್ ಮೈದಾನ ಸುತ್ತಿದೆ. ಒಂದು ಸಲ 14 ಕೆಜಿ ಇಳಿಸಿದೆ. ಒಂದೂವರೆ ವರ್ಷದಲ್ಲಿ 17 ಕೆಜಿ ವಾಪಸ್ ಬಂತು. ಆವಾಗ ಒಬ್ಬರೂ "ಯಾಕೆ ಹೀಗಾಯ್ತು" ಅಂತ ಕೇಳಲಿಲ್ಲ. "ಬಾಯಿ ಕಟ್ಟಲಿಲ್ಲ ಅನ್ಸುತ್ತೆ" ಅಂದರು, ಅಷ್ಟೇ. ನಾನೂ ಅದನ್ನೇ ನಂಬಿದ್ದೆ.

ಅದಕ್ಕೇ ನನ್ನ ಮೊದಲ ಥ್ಯಾಂಕ್ಸ್ ಬೆಂಗಳೂರಿನ ಆ ಡಯಟೀಷಿಯನ್ ಅವರಿಗೆ. ನಾನು ಏನೇನು ಮಾಡಿ ಸೋತೆ ಅಂತ ಪೂರ್ತಿ ಕೇಳಿಸಿಕೊಂಡರು. ಮಧ್ಯೆ ಒಂದು ಮಾತೂ ಆಡಲಿಲ್ಲ. ಆಮೇಲೆ ಹೇಳಿದರು: ತೂಕ ಇಳಿದ ಕೂಡಲೇ ದೇಹ ಬರಗಾಲ ಬಂತು ಅಂದುಕೊಳ್ಳುತ್ತೆ, ಹಸಿವಿನ ಹಾರ್ಮೋನ್ ಹೆಚ್ಚು ಮಾಡುತ್ತೆ, ಶಕ್ತಿ ಖರ್ಚು ಮಾಡುವುದನ್ನು ಕಡಿಮೆ ಮಾಡುತ್ತೆ, ಹೋದ ತೂಕ ವಾಪಸ್ ತರುವುದಕ್ಕೆ ಒಳಗೇ ಹೋರಾಡುತ್ತೆ. "ಇದರಲ್ಲಿ ನಿಮ್ಮ ತಪ್ಪಿಲ್ಲಮ್ಮ" ಅಂದರು. ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಅವರ ಮುಂದೆಯೇ ಅತ್ತುಬಿಟ್ಟೆ.

ಸರ್ಜನ್ ಅವರಿಗೂ ನನ್ನ ನಮಸ್ಕಾರ. ಹಾಳೆಯ ಮೇಲೆ ಜಠರದ ಚಿತ್ರ ಬರೆದು ಉದ್ದಕ್ಕೆ ಒಂದು ಗೆರೆ ಎಳೆದರು. "ನೂರಕ್ಕೆ 75ರಿಂದ 80 ಭಾಗ ತೆಗೀತೀವಿ. ಉಳಿಯೋದು ಬಟ್ಟೆಯ ತೋಳಿನ ಥರ ಒಂದು ಸಣ್ಣ ಕೊಳವೆ. ಅದಕ್ಕೇ ಸ್ಲೀವ್ ಅಂತಾರೆ" ಅಂದರು. ನನಗೆ ತಕ್ಷಣ ಅರ್ಥವಾಯಿತು. ಹಸಿವಿನ ಹಾರ್ಮೋನ್ ಹೆಚ್ಚಾಗಿ ಹುಟ್ಟುವುದು ಆ ತೆಗೆಯುವ ಭಾಗದಲ್ಲೇ ಅಂತೆ. ಹಾಗಾಗಿ ಜಾಗ ಕಡಿಮೆ ಆಗುವುದರ ಜೊತೆಗೆ ಹಸಿವೂ ತಗ್ಗುತ್ತೆ. ಇದು ಕೊಬ್ಬು ತೆಗೆಯುವ ಆಪರೇಷನ್ ಅಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡಿದ್ದಾರೆ. ರಕ್ತಸ್ರಾವ ಆಗಬಹುದು, ಹೊಲಿಗೆ ಹಾಕಿದ ಕಡೆ ಸೋರಬಹುದು, ಆಮೇಲೆ ಎದೆಯುರಿ ಬರಬಹುದು ಅಂತ ಅದನ್ನೂ ಮುಚ್ಚಿಡದೆ ಹೇಳಿದರು. ಒಮ್ಮೆ ತೆಗೆದ ಮೇಲೆ ಮತ್ತೆ ಜೋಡಿಸುವ ಮಾತಿಲ್ಲ. ದಿನಾ ಕತ್ತರಿ ಹಿಡಿಯುವವಳಿಗೆ ಆ ಭಯ ಚೆನ್ನಾಗಿ ಗೊತ್ತು. ಎರಡು ತಿಂಗಳು ಯೋಚನೆ ಮಾಡಿಯೇ ಒಪ್ಪಿಕೊಂಡೆ.

"ಚೆಂದ ಕಾಣೋಕೆ ಲಕ್ಷಗಟ್ಟಲೆ ಸುರಿದಳು" ಅಂದವರಿಗೆ ಒಂದು ವಿಷಯ ಹೇಳಬೇಕು. ನನ್ನ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 43ರ ಮೇಲೆ ಇತ್ತು. ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ದೊಡ್ಡ ತೊಂದರೆ ಇದ್ದರೆ, ಬೇರೆ ದಾರಿ ಫಲ ಕೊಡದಿದ್ದಾಗ ಡಾಕ್ಟರ್ ಸಲಹೆ ಮೇಲೆ ಮಾಡಿಸುವ ಈ ಆಪರೇಷನ್‌ಗೆ ವಿಮೆ ಸಿಗಬಹುದು. ನಮ್ಮ ದೇಶದ ವಿಮಾ ನಿಯಮದಲ್ಲೇ ಅದು ಇದೆ. ಅಂದಕ್ಕೆ ಮಾಡಿಸುವುದಾಗಿದ್ದರೆ ವಿಮೆ ಯಾಕೆ ಕೊಡುತ್ತಿದ್ದರು? 2022ರಲ್ಲಿ ಈ ಆಪರೇಷನ್ ಮಾಡುವ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘ ಮತ್ತು ಅಮೆರಿಕದ ಸಂಘ ಸೇರಿ ಸಲಹೆಯನ್ನು ಇನ್ನೂ ಸಡಿಲ ಮಾಡಿವೆ. ನಮ್ಮಂಥ ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಈ ಆಪರೇಷನ್ ಬಗ್ಗೆ ಯೋಚಿಸಬಹುದು ಅಂತಾರೆ. ಕಡಿಮೆ ತೂಕಕ್ಕೇ ನಮಗೆ ಸಕ್ಕರೆ ಕಾಯಿಲೆ ಬರುತ್ತಲ್ಲ, ಅದಕ್ಕೆ. ನಮ್ಮ ಮನೆಯವರ ಕಂಪನಿ ವಿಮೆಗೆ ಹಾಕಿದ ಅರ್ಜಿ ಮೊದಲ ಸಲ ವಾಪಸ್ ಬಂತು. ಹಳೆಯ ರಿಪೋರ್ಟ್‌ಗಳನ್ನೆಲ್ಲ ಜೋಡಿಸಿ ಮತ್ತೆ ಕಳಿಸಿಕೊಟ್ಟ ಆಸ್ಪತ್ರೆ ಕೌಂಟರಿನ ಆ ಹುಡುಗನನ್ನು ನಾನು ಮರೆಯುವುದಿಲ್ಲ.

ಈಗ ನಮ್ಮತ್ತೆ. ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ.

ಮೊದಲು ಅವರೇ ಬೇಡ ಅಂದಿದ್ದರು. "ದೇವರು ಕೊಟ್ಟ ಹೊಟ್ಟೆ ಕೊಯ್ಸೋದು ಬ್ಯಾಡವ್ವ" ಅಂತ ಎರಡು ದಿನ ಮಾತೇ ಬಿಟ್ಟರು. ಆಪರೇಷನ್‌ಗೆ ಎರಡು ವಾರ ಮುಂಚೆ ನನಗೆ ಬರೀ ನೀರಿನಂಥ ಆಹಾರ ಶುರುವಾಯಿತು. ಲಿವರ್ ಸಣ್ಣಗಾಗಬೇಕು, ಆಗಲೇ ಸರ್ಜನ್‌ಗೆ ಅದನ್ನು ಸರಿಸಿ ಜಠರ ಮುಟ್ಟುವುದು ಸುಲಭ. ಮೂರನೇ ದಿನ ಮಿಷನ್ ಮುಂದೆ ಕೈ ನಡುಗಿ ಸೂಜಿಗೆ ದಾರ ಹಾಕುವುದಕ್ಕೆ ಆಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಮಾರನೇ ದಿನದಿಂದ ಬೇಳೆ ಬೇಯಿಸಿ, ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ಒಂದು ಕಾಳೂ ಇಲ್ಲದ ಕಟ್ಟು ಮಾಡಿ ಕೊಟ್ಟರು. ಆಪರೇಷನ್ ಆಗಿ ಬಂದ ಮೇಲೂ ಅದೇ. ಔಷಧಿ ಬಾಟಲಿಯ ಮುಚ್ಚಳದಲ್ಲಿ 15 ಎಂಎಲ್, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು 15 ಎಂಎಲ್. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಮುಚ್ಚಳದ ಗೆರೆಗೆ ಕುಂಕುಮ ಹಚ್ಚಿಟ್ಟುಕೊಂಡಿದ್ದರು. ಅಲ್ಲಿಯವರೆಗೆ ಸುರಿಯುವುದು, ಗಡಿಯಾರ ನೋಡುವುದು.

ಐದನೇ ತಿಂಗಳಿಗೆ ಹರಿಹರದಲ್ಲಿ ಒಂದು ಮದುವೆ. ನೆಂಟರಿಗೆ ಹೇಗೋ ವಿಷಯ ಗೊತ್ತಾಗಿತ್ತು. ಪಂಕ್ತಿಯಲ್ಲಿ ಕೂತಿದ್ದೇವೆ. ಬಡಿಸುವವರು ನಾನು ಬೇಡ ಬೇಡ ಅಂದರೂ ಅನ್ನ ಹಾಕಿಬಿಟ್ಟರು. ಎದುರು ಸಾಲಿನಲ್ಲಿದ್ದ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಹೊಟ್ಟೆ ಕೊಯ್ಸಿಕೊಂಡಾಳಂತೆ. ಇನ್ನೆಲ್ಲಿ ಉಣ್ತಾಳೆ? ಬಾಯಿ ಕಟ್ಟಿದ್ರೆ ಪುಕ್ಕಟೆ ಆಗ್ತಿತ್ತು" ಅಂದರು. ನನ್ನ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಅತ್ತೆ ತಲೆ ಎತ್ತಿ, "ಹನ್ನೊಂದು ವರ್ಷ ಬಾಯಿ ಕಟ್ಟಿದ್ದನ್ನ ನಾನು ನೋಡೀನಿ. ನೀ ನೋಡಿಲ್ಲ" ಅಂದರು. ಆಮೇಲೆ ನನ್ನ ಎಲೆಯ ಅನ್ನವನ್ನೆಲ್ಲ ತಮ್ಮ ಎಲೆಗೆ ಎಳೆದುಕೊಂಡರು. ನಾನು ಆಗಲೇ ಕೈ ಹಾಕಿದ್ದ ಎಲೆ ಅದು. ಎಂಜಲು ಅಂತ ನೋಡಲಿಲ್ಲ. ನನ್ನ ಮುಂದೆ ಕೋಸಂಬರಿ, ಮೊಸರು ಮಾತ್ರ ಬಿಟ್ಟು "ನಿಧಾನ ತಿನ್ನವ್ವ, ಅವಸರ ಇಲ್ಲ" ಅಂದರು. ಪಂಕ್ತಿ ಎದ್ದ ಮೇಲೂ ನನ್ನ ಪಕ್ಕ ಕೂತೇ ಇದ್ದರು. ಅತ್ತೇ, ಆವತ್ತು ನಿಮಗೆ ಏನೂ ಹೇಳಲಿಲ್ಲ ನಾನು. ಇವತ್ತು ಹೇಳುತ್ತಿದ್ದೇನೆ. ನಿಮ್ಮ ಋಣ ದೊಡ್ಡದು.

ಆದರೆ ಅದೇ ಮದುವೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ಅಂಗಡಿಗೆ ಬಂದವರು "ಎಷ್ಟು ಸಣ್ಣಗಾಗಿದ್ದೀರಾ! ಹೆಂಗೆ?" ಅಂದಾಗ ಬಾಯಿಗೆ ಸುಳ್ಳೇ ಬರತೊಡಗಿತು. ರಾಗಿ ಗಂಜಿ. ವಾಕಿಂಗ್. ನಿಜ ಹೇಳಿದರೆ ಶಾರ್ಟ್‌ಕಟ್ ಅಂತಾರೆ, ಸುಳ್ಳು ಹೇಳಿದರೆ ಹೊಗಳುತ್ತಾರೆ. ನಾನು ಹೊಗಳಿಕೆ ಆರಿಸಿಕೊಂಡೆ.

ಒಂದು ಹುಡುಗಿ ನಿಶ್ಚಿತಾರ್ಥದ ಬ್ಲೌಸ್ ಹೊಲಿಸೋಕೆ ಬಂದಳು. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆ ಎಳೆದುಕೊಂಡು ನಿಂತಳು. ಮೈ ಇದ್ದವರು ಟೇಪ್ ಸುತ್ತಿದ ಕೂಡಲೇ ಹಾಗೆ ಮಾಡುತ್ತಾರೆ. ನಾನೂ ಮಾಡುತ್ತಿದ್ದೆ. "ಅಕ್ಕಾ, ನೀವು ಹೆಂಗೆ ಇಳಿಸಿದ್ರಿ?" ಅಂದಳು. ಅದೇ ಸುಳ್ಳು ಹೇಳಿದೆ. ಒಂದು ತಿಂಗಳಿಗೆ ಟ್ರಯಲ್ ನೋಡೋಕೆ ಬಂದಾಗ ಕಣ್ಣ ಕೆಳಗೆ ಕಪ್ಪಾಗಿತ್ತು. ದಿನಕ್ಕೆ ಎರಡೇ ಸಲ ರಾಗಿ ಗಂಜಿ, ಬೇರೇನೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದಿದ್ದಳಂತೆ. ಅಳತೆಯಲ್ಲಿ ಅರ್ಧ ಇಂಚು ಮಾತ್ರ ವ್ಯತ್ಯಾಸ. "ನಿಮಗೆ ಆಗಿದ್ದು ನನಗೆ ಯಾಕೆ ಆಗ್ತಿಲ್ಲ ಅಕ್ಕಾ? ನನ್ನಲ್ಲೇ ಏನೋ ಕೊರತೆ ಇದೆ ಅಲ್ವಾ?" ಅಂದಳು.

ನನಗೆ ಹನ್ನೊಂದು ವರ್ಷ ಊರವರು ಹೇಳಿದ್ದನ್ನು ನಾನು ಒಂದೇ ತಿಂಗಳಲ್ಲಿ ಅವಳ ತಲೆಗೆ ತುಂಬಿದ್ದೆ. ಆವಾಗಲೂ ನಿಜ ಹೇಳುವ ಧೈರ್ಯ ಬರಲಿಲ್ಲ. ಹೋದ ವಾರ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಈಗಲಾದರೂ ಹೇಳಿದ್ರಲ್ಲ ಅಕ್ಕಾ" ಅಂದಳು. ಅವಳನ್ನು ಕೇಳಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ತಂಗೀ, ನನ್ನನ್ನು ಕ್ಷಮಿಸು. ನಿನ್ನಲ್ಲಿ ಯಾವ ಕೊರತೆಯೂ ಇಲ್ಲ. ಆಪರೇಷನ್ ಮಾಡಿಸು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಮೊದಲು ಒಬ್ಬ ಡಾಕ್ಟರನ್ನು ನೋಡು. ಬೇಕಿದ್ದರೆ ನಾನೇ ಜೊತೆಗೆ ಬರುತ್ತೇನೆ.

ಸುಲಭವಾಯಿತಾ ಅಂತ ಕೇಳುವವರಿಗೂ ನಿಜವನ್ನೇ ಹೇಳುತ್ತೇನೆ. ಒಂದು ಇಡ್ಲಿಗೆ ಇಪ್ಪತ್ತು ನಿಮಿಷ ಬೇಕು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಸೇರಿಸುವುದಕ್ಕೆ ಪನೀರು, ಸೋಯಾ, ಬೇಳೆ, ಪುಡಿ ಅಂತ ಇಡೀ ದಿನ ಲೆಕ್ಕ. ನಾಲ್ಕನೇ ತಿಂಗಳು ಬಾಚಣಿಗೆ ತುಂಬಾ ಕೂದಲು ಬಂತು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಜೀವನಪೂರ್ತಿ. ಹತೋಟಿ ತಪ್ಪಿದರೆ ತೂಕ ಮತ್ತೆ ಬರಲೂಬಹುದು. ಆದರೆ ಇನ್ಸುಲಿನ್ ನಿಂತಿದೆ. ಆ ಮೂರು ತಿಂಗಳ ಟೆಸ್ಟಿನ ಸಕ್ಕರೆ 9.6ರಿಂದ 6.1ಕ್ಕೆ ಬಂದಿದೆ. ಮೇಜು ಹಿಡಿಯದೆ ಏಳುತ್ತೇನೆ. ಎಷ್ಟು ಕೆಜಿ ಅಂತ ಕೇಳಬೇಡಿ, ನನಗೆ ಟೇಪಿನ ಲೆಕ್ಕವೇ ಇಷ್ಟ. 48 ಇದ್ದ ನನ್ನ ಬ್ಲೌಸಿನ ಅಳತೆ ಈಗ 40.

ನಮ್ಮ ಮನೆಯವರಿಗೆ ಥ್ಯಾಂಕ್ಸ್. ತೆಳ್ಳಗಾಗು ಅಂತ ಮುಂಚೆಯೂ ಹೇಳಲಿಲ್ಲ, ತೆಳ್ಳಗಾದೆ ಅಂತ ಈಗಲೂ ಹೊಗಳುವುದಿಲ್ಲ. ರಾತ್ರಿ ಬಂದ ಕೂಡಲೇ "ನೀರು ಎಷ್ಟು ಆಯ್ತು ಇವತ್ತು?" ಅಂತ ಕೇಳುತ್ತಾರೆ, ಅಷ್ಟೇ. ನಾನಿಲ್ಲದ ಒಂದೂವರೆ ತಿಂಗಳು ಫಾಲ್, ಪೀಕೊ, ಕುಚ್ಚು ಒಂದೂ ನಿಲ್ಲದ ಹಾಗೆ ನೋಡಿಕೊಂಡ ನಮ್ಮ ಅಂಗಡಿಯ ಹುಡುಗಿಗೆ ಥ್ಯಾಂಕ್ಸ್. ಗಿರಾಕಿಗಳು ಎಷ್ಟು ಕೆದಕಿದರೂ "ಅಕ್ಕ ಬಂದ ಮೇಲೆ ಅವರನ್ನೇ ಕೇಳಿ" ಅಂದಳಂತೆ. ನನ್ನ ವಿಷಯವನ್ನು ಹೇಳುವುದಕ್ಕೆ ನನಗೇ ಬಿಟ್ಟಳು.

ಮುಂದಿನ ಸೋಮವಾರ ಒಂದು ವರ್ಷದ ಚೆಕಪ್‌ಗೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ಅತ್ತೆಯೂ ಬರುತ್ತಾರೆ, ಡಯಟೀಷಿಯನ್‌ಗೆ ಅಂತ ಕಡಲೆಬೇಳೆ ಚಟ್ನಿಪುಡಿ ಮಾಡಿಟ್ಟಿದ್ದಾರೆ. ಅಂಗಡಿ ಎರಡು ದಿನ ಮುಚ್ಚಿರುತ್ತೆ. ಗೌರಿ ಹಬ್ಬಕ್ಕೆ ಬ್ಲೌಸ್ ಕೊಟ್ಟವರು ಬುಧವಾರ ಸಂಜೆ ಬನ್ನಿ, ಎಲ್ಲ ರೆಡಿ ಇರುತ್ತೆ. ಹೇಗೆ ಇಳಿಸಿದಿರಿ ಅಂತ ಕೇಳಬೇಕೆನಿಸಿದರೆ ಕೇಳಿ. ಈ ಸಲ ನಿಜ ಹೇಳುತ್ತೇನೆ.