ಯಾವ ಮಯ್ಯರು?

ಕಳೆದ ಭಾನುವಾರ ಬೆಳಿಗ್ಗೆ ಇಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಯ ಪೆರುಮಾಳ್ ದೇವಸ್ಥಾನದಿಂದ ಹೊರಬಿದ್ದವನು ರಸ್ತೆ ದಾಟಿ ಎಂಟಿಆರ್ ಮುಂದೆ ಸರದಿಗೆ ನಿಂತೆ. ಹಿಂದೆಯೇ ನಮ್ಮ ಸಂಘದ ಹಿರಿಯರೊಬ್ಬರು, ಅವರ ಕೈ ಹಿಡಿದ ಏಳೆಂಟು ವರ್ಷದ ಮೊಮ್ಮಗಳು. "ಈ ಹೋಟೆಲ್ ಯಾರದು ತಾತ?" ಎಂದಳು. "ಮಯ್ಯರದು" ಎಂದರು. "ಯಾವ ಮಯ್ಯರು?" ತಾತ ನನ್ನ ಮುಖ ನೋಡಿದರು. ಸಂಪಾದಕನಾದವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಸಂಘದಲ್ಲಿ ಇನ್ನೂ ಉಳಿದಿದೆ.

ಸರದಿಯಲ್ಲಿ ನಿಂತು ಹೇಳಿ ಮುಗಿಸುವಂಥ ಉತ್ತರವಲ್ಲ ಅದು. ಹಾಗಾಗಿ ಈ ಸಂಚಿಕೆಯ ಸಂಪಾದಕೀಯವನ್ನು ಆ ಹುಡುಗಿಗೇ ಬರೆದಿದ್ದೇನೆ.

ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಿಂದ ಅಡುಗೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ಹತ್ತಿರ ಪುಟ್ಟದೊಂದು ಹೋಟೆಲ್ ತೆರೆದರು. ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಆ ಕಾಲದಲ್ಲಿ ಇಂಥ ಹೆಸರಿನ ಹೋಟೆಲುಗಳು ಊರೂರಿನಲ್ಲೂ ಇದ್ದವು. ಹೆಸರೇ ಯಾರನ್ನು ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದು ಹೇಳುತ್ತಿತ್ತು. 1960ರಲ್ಲಿ ಆ ಹೆಸರು ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಆಯಿತು. ಜಾತಿಯ ಜಾಗಕ್ಕೆ ಬಡಾವಣೆಯ ಹೆಸರು ಬಂತು. ನನಗಂತೂ ಅದು ಬರೀ ಬೋರ್ಡು ಬದಲಾದ ಸಂಗತಿಯಾಗಿ ಕಾಣುವುದಿಲ್ಲ.

ಅಷ್ಟರಲ್ಲಿ ಹೋಟೆಲಿನ ಭಾರ ಕಿರಿಯರಾದ ಯಜ್ಞನಾರಾಯಣ ಮಯ್ಯರ ಹೆಗಲಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಎಲ್ಲರ ಬಾಯಲ್ಲೂ ಯಜ್ಞಪ್ಪ. ನಾನು ಹೇಳಬೇಕೆಂದಿರುವುದು ಇವರ ವಿಷಯ.

ನಮ್ಮ ಈ ದ್ವೀಪಕ್ಕೂ ಅವರ ಅಡುಗೆಮನೆಗೂ ಹಳೆಯದೊಂದು ನಂಟಿದೆ. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ಕೈಸೇರಿತು, ಮಾರ್ಚಿನಲ್ಲಿ ರಂಗೂನ್. ಬರ್ಮಾದ ಅಕ್ಕಿ ಭಾರತಕ್ಕೆ ಬರುವುದು ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಮಯ್ಯರ ಅಡುಗೆಮನೆಯಲ್ಲಿ ರವೆಯನ್ನು ಮೊಸರಿನಲ್ಲಿ ಕಲಸಿ, ಒಗ್ಗರಣೆ ಕೊಟ್ಟು, ಹಬೆಯಲ್ಲಿ ಬೇಯಿಸಿ ನೋಡಿದರು. ಇಂದು ತುಪ್ಪ ಮತ್ತು ಆಲೂಗಡ್ಡೆ ಸಾಗುವಿನ ಜೊತೆ ನಾವು ಬಾಯಿ ಚಪ್ಪರಿಸುವ ರವೆ ಇಡ್ಲಿ ಆ ಬರಗಾಲದ ಕೂಸು. ಈ ಊರು ಬಿದ್ದ ಹೊತ್ತಿನಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ಹುಟ್ಟಿದ ತಿಂಡಿ ಈಗ ಇದೇ ಊರಿನಲ್ಲಿ ತಟ್ಟೆಗೆ ಬೀಳುತ್ತಿದೆ.

1951ರಲ್ಲಿ ಯಜ್ಞಪ್ಪ ಯುರೋಪ್ ಪ್ರವಾಸ ಹೋದರು. ನಾವಾದರೆ ಗೋಪುರ, ಸೇತುವೆ ನೋಡಿಕೊಂಡು ಬರುತ್ತಿದ್ದೆವು. ಅವರ ಕಣ್ಣು ಹೋಟೆಲುಗಳ ಮೇಲಿತ್ತು. ಅಲ್ಲಿನ ಚೊಕ್ಕತನಕ್ಕೆ ಮಾರುಹೋದರು. ಮರಳಿ ಬಂದವರು ಪಾತ್ರೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ತಂದರು. ಗಿರಾಕಿಗಳು ಒಳಗೆ ಬಂದು ನೋಡಲಿ ಎಂದು ಅಡುಗೆಮನೆಯನ್ನು ತೆರೆದಿಟ್ಟರು. ಹೋಟೆಲಿನವರು ಅಡುಗೆಮನೆಗೆ ಪರದೆ ಬಿಡುತ್ತಿದ್ದ ಕಾಲ ಅದು. ಯುರೋಪಿನಿಂದ ಬಂದ ಮೇಲೆ ಫ್ರೆಂಚ್ ಮಾದರಿಯ ಒಂದು ಸಿಹಿಯನ್ನೂ ಮಾಡಿಸಿದರಂತೆ. ವಿದೇಶಿ ಹೆಸರಿಟ್ಟಾಗ ಯಾರೂ ಮುಟ್ಟಲಿಲ್ಲ. ಆಗಿನ ಸಿನಿಮಾವೊಂದರ ಹೆಸರು ಹಚ್ಚಿ ಚಂದ್ರಹಾರ ಎಂದ ಕೂಡಲೇ ಖರ್ಚಾಯಿತು ಎಂಬ ಕಥೆ ಇದೆ. ವ್ಯಾಪಾರಿ ಎಂದರೆ ಹಾಗೆ!

1968ರಲ್ಲಿ ಯಜ್ಞಪ್ಪ ತೀರಿಕೊಂಡರು. ಮಗ ಸದಾನಂದ ಮಯ್ಯರು ಇದ್ದರು, ಆದರೂ ಹೋಟೆಲಿನ ಮೇಟಿಯಾದವರು ಅಣ್ಣನ ಮಗ ಹರಿಶ್ಚಂದ್ರ ಮಯ್ಯರು. ಒಂದೇ ಒಲೆಯ ಮನೆಯಲ್ಲಿ ಅಣ್ಣನ ಮಕ್ಕಳು ಬೇರೆ, ನನ್ನ ಮಕ್ಕಳು ಬೇರೆ ಎಂಬ ಲೆಕ್ಕ ಹಾಕದೆ ನಡೆದ ಯಜಮಾನಿಕೆ ಇದು. ವಾಟ್ಸ್ಆ್ಯಪ್ ಗುಂಪಿನಲ್ಲೂ ಪಾಲು ಕೇಳುವ ನಮ್ಮ ಕಾಲಕ್ಕೆ ಇದು ವಿಚಿತ್ರವಾಗಿಯೇ ಕಂಡೀತು.

ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳಿಗೆ ಕೈಗೆಟುಕದ ಕಡಿಮೆ ಬೆಲೆ ಗೊತ್ತುಮಾಡಿತು. ಕೈಗೆಟುಕದ್ದು ಗಿರಾಕಿಗಲ್ಲ, ಹೋಟೆಲಿನವರಿಗೆ. ಹರಿಶ್ಚಂದ್ರ ಮಯ್ಯರು ರುಚಿ ಕೆಡಿಸಲಿಲ್ಲ. ಆ ದಿನ ಎಷ್ಟು ನಷ್ಟವಾಯಿತು ಎಂದು ಹೊರಗೆ ಬೋರ್ಡಿನ ಮೇಲೆ ಬರೆಸಿದರು. ಕೊನೆಗೆ ಹೋಟೆಲ್ ಮುಚ್ಚಬೇಕಾಯಿತು. ಕೆಲಸದವರನ್ನು ಬೀದಿಗೆ ಬಿಡಬಾರದೆಂದು ಪುಡಿ, ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಇಲ್ಲಿನ ನಮ್ಮ ಫ್ಲಾಟುಗಳ ಅಡುಗೆಮನೆಯಲ್ಲಿರುವ ರವೆ ಇಡ್ಲಿ ಪೊಟ್ಟಣದ ಮೂಲ ಅದು. ಆಮೇಲೆ ಮನೆ ಪಾಲಾಯಿತು: ಪೊಟ್ಟಣದ ವ್ಯಾಪಾರ ಸದಾನಂದ ಮಯ್ಯರಿಗೆ, ಹೋಟೆಲ್ ಹರಿಶ್ಚಂದ್ರ ಮಯ್ಯರ ಮನೆಗೆ. 2007ರಲ್ಲಿ ಪೊಟ್ಟಣದ ಕಂಪನಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲ್ ಇಂದಿಗೂ ಹರಿಶ್ಚಂದ್ರರ ಮಕ್ಕಳ ಕೈಯಲ್ಲಿದೆ. 2013ರಲ್ಲಿ ಅದರ ಶಾಖೆ ಸೆರಂಗೂನ್ ರಸ್ತೆಗೆ ಬಂತು.

ಇದಿಷ್ಟನ್ನೂ ಸರದಿಯಲ್ಲಿ ಹೇಳಲಾಗಲಿಲ್ಲ. ಯಜ್ಞಪ್ಪ ಎಂಬ ಹೆಸರಷ್ಟೇ ಹೇಳಿದೆ. ಅಷ್ಟರಲ್ಲಿ ಮೇಜು ಖಾಲಿಯಾಯಿತು. ರವೆ ಇಡ್ಲಿ ಬಂದ ಕೂಡಲೇ ಹುಡುಗಿ ಮೇಲಿದ್ದ ಗೋಡಂಬಿಯನ್ನು ಕಿತ್ತು ತಾತನ ತಟ್ಟೆಗೆ ಹಾಕಿದಳು. ತನಗೆ ಬೇಡವಂತೆ. ತಾತ ಅದನ್ನು ಬಾಯಿಗೆ ಹಾಕಿಕೊಂಡು, "ಯಜ್ಞಪ್ಪ ಅಂದರಲ್ಲವೇ?" ಎಂದು ನನ್ನನ್ನು ಮತ್ತೊಮ್ಮೆ ಕೇಳಿದರು.