ಪಂಜೆಯವರನ್ನು ದಾಟಿ ಬಂದ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಪತ್ರವೂ ಜೊತೆಗಿದ್ದ ಕಥೆಯೂ ತಲುಪಿದವು. ಮೊದಲು ಒಂದು ಮಾತು. ಮೇಡಂ ಬೇಡ, ಅಕ್ಕ ಅಂದರೆ ಸಾಕು.

ನೀನು ಮೆಚ್ಚಿದ ಲೇಖಕರ ಪಟ್ಟಿ ಕೊಟ್ಟಿದ್ದೀಯ. ಎಲ್ಲ ದೊಡ್ಡ ದೊಡ್ಡ ಹೆಸರುಗಳೇ. ಕೊನೆಯಲ್ಲಿ ಸ್ವಲ್ಪ ನಾಚಿಕೊಂಡವನ ಹಾಗೆ, ‘ಚಿಕ್ಕವನಿದ್ದಾಗ ಪಂಜೆಯವರೆಂದರೆ ಪ್ರಾಣ, ಈಗ ಅದನ್ನೆಲ್ಲ ದಾಟಿ ಬಂದಿದ್ದೇನೆ’ ಎಂದು ಬರೆದಿದ್ದೀಯ. ಆ ‘ದಾಟಿ’ ಅನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಥೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಕ್ಕಳಿಗಾಗಿ ಪದ್ಯ, ಕಥೆ ಬರೆದ ಪಂಜೆ ಮಂಗೇಶರಾಯರನ್ನು ನಾನೂ ಹಾಗೇ ದಾಟಿದ್ದೆ, ಇಪ್ಪತ್ತೆರಡರ ವಯಸ್ಸಿನಲ್ಲಿ. ಅವರ ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದ ಕಥೆ ಎಂದು ಗೊತ್ತಾದ ದಿನ, ಯಾರೋ ಮೋಸ ಮಾಡಿದಷ್ಟು ಬೇಜಾರಾಗಿತ್ತು. ಆ ಸಿಟ್ಟಿನಲ್ಲೇ ಒಂದು ಲೇಖನ ಗೀಚಿದೆ. ಪುಣ್ಯಕ್ಕೆ ಯಾರೂ ಅಚ್ಚು ಹಾಕಲಿಲ್ಲ. ಆಮೇಲೆ ಹತ್ತು ಹನ್ನೆರಡು ವರ್ಷ ಅವರ ಪುಸ್ತಕ ಮುಟ್ಟಲಿಲ್ಲ. ಮತ್ತೆ ತೆರೆದದ್ದು ಮಗಳಿಗೆ ಓದಿ ಹೇಳುವಾಗ.

‘ನಾಗರ ಹಾವೇ! ಹಾವೊಳು ಹೂವೇ!’ ನಿನಗೂ ಬಾಯಿಪಾಠ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಹಾಡುವ ಮಗುವಿಗೆ ಕೇಳಿಸುವುದು ಪುಂಗಿ. ಪ್ರತಿ ನುಡಿಯ ಕೊನೆಗೂ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಮೊದಲು ಬಾ ಬಾ, ಆಮೇಲೆ ನೀ ನೀ, ಆಮೇಲೆ ತಾ ತಾ, ಕೊನೆಗೆ ಪೋ ಪೋ. ಪೋ ಪೋ ಬಂತೆಂದರೆ ನನ್ನ ಮಗಳು ದಿಂಬನ್ನು ಎತ್ತಿ ಬಾಗಿಲ ಕಡೆಗೆ ಎಸೆಯುತ್ತಿದ್ದಳು.

ಒಂದು ರಾತ್ರಿ ಆ ದಿಂಬನ್ನು ಎತ್ತಿಕೊಂಡು ಬರುವಾಗ ಹೊಳೆಯಿತು. ಈ ನಾಲ್ಕು ಅಕ್ಷರಗಳಲ್ಲೇ ಇಡೀ ಕಥೆ ಇದೆಯಲ್ಲ! ಮನುಷ್ಯ ಹಾವನ್ನು ಕರೆಯುತ್ತಾನೆ, ಕೈ ಮುಗಿಯುತ್ತಾನೆ, ಹಾಲು ಕೊಡುತ್ತೇನೆ ಅನ್ನುತ್ತಾನೆ. ಹೆಡೆ ಬಿಚ್ಚು ಎಂದು ಪುಸಲಾಯಿಸುತ್ತಾನೆ. ಆಮೇಲೆ ನಿಜವಾದ ಆಸೆ ಹೊರಗೆ ಬೀಳುತ್ತದೆ. ನಿನ್ನ ತಲೆಯಲ್ಲಿ ರತ್ನ ಇರುವುದು ನಿಜವೇ, ಈ ಬಡವನಿಗೆ ಕೊಪ್ಪರಿಗೆ ತುಂಬ ಚಿನ್ನ ತಾ. ಮುಂದಿನ ನುಡಿಗೆ ಬಂದರೆ ಭಯ. ‘ಬರಿಮೈ ತಣ್ಣಗೆ, ಮನದಲಿ ಬಿಸಿ ಹಗೆ.’ ನಡಿ ಹೊರಗೆ. ಕರೆದವನೂ ಅವನೇ, ಅಟ್ಟುವವನೂ ಅವನೇ. ಪಾಪ, ಹಾವು ಒಂದು ಮಾತೂ ಆಡುವುದಿಲ್ಲ. ಹೀಗೆ ಕರೆದು, ಹೊಗಳಿ, ಕೇಳಿ, ಆಮೇಲೆ ಬಾಗಿಲು ತೋರಿಸುವ ಜನರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಮ್ನೆ ಯಾಕೆ ಸುಳ್ಳು, ಒಂದೆರಡು ಸಲ ನಾನೂ ಹಾಗೆ ಮಾಡಿದ್ದೇನೆ.

ಮಗಳಿಗೆ ಇದೇನೂ ಹೊಳೆದಿರಲಿಲ್ಲ. ಹಾಗಂತ ಅವಳಿಗೆ ಪದ್ಯ ಅರ್ಧ ಮಾತ್ರ ಸಿಕ್ಕಿತು ಅನ್ನಲಾರೆ. ‘ಪೋ’ ಅಂದರೆ ಏನೆಂದು ಅವಳ ಕೈಗೇ ಗೊತ್ತಿತ್ತು.

‘ಉದಯರಾಗ’ದಲ್ಲೂ ಹೀಗೇ ಆಯಿತು. ಸೂರ್ಯ ಕತ್ತಲೊಡನೆ ಜಗಳಾಡುತ್ತಾನೆ, ಮೂಡಣದ ರಂಗಸ್ಥಳದಲ್ಲಿ ನೆತ್ತರು ಹರಿಸಿ ಕುಣಿಯುತ್ತಾನೆ. ಚಿಕ್ಕವಳಿದ್ದಾಗ ನನಗೆ ಆ ನೆತ್ತರೇ ಇಷ್ಟ. ರಂಗಸ್ಥಳ ಅಂದರೆ ಏನೆಂದು ತಿಳಿದದ್ದು ರಾತ್ರಿಯಿಡೀ ಕೂತು ಯಕ್ಷಗಾನ ನೋಡಿದ ಮೇಲೆ. ಆಟ ಮುಗಿಯುವ ಹೊತ್ತಿಗೆ ಬೆಳಗಾಗುವ ಸೀಮೆಯ ಕವಿ, ಬೆಳಗನ್ನೇ ಒಂದು ಆಟ ಮಾಡಿಬಿಟ್ಟಿದ್ದಾರೆ. ಮುಂದೆ ಸೂರ್ಯ ಮೇಲೇರಿದ ಹಾಗೆ ಸಣ್ಣಗೆ ಕಾಣುತ್ತಾನೆ. ಏರಿದವನು ಚಿಕ್ಕವನಿರಬೇಕು ಎಂದು ಸಾರುತ್ತಾನಂತೆ. ಎಂಟು ವರ್ಷದವಳಿಗೆ ಅದು ಕಣ್ಣಿಗೆ ಕಂಡ ಸಂಗತಿ, ಅಷ್ಟೇ. ಒಂದು ಪ್ರಶಸ್ತಿ ಬಂದ ವಾರ ಅದೇ ಸಾಲು ಮತ್ತೆ ಕಣ್ಣಿಗೆ ಬಿತ್ತು. ಅವತ್ತು ಬರುವವರಿಗೆಂದು ತೆಗೆದಿಟ್ಟಿದ್ದ ಪ್ರಶಸ್ತಿಯ ಫೋಟೋವನ್ನು ಒಳಗಿಟ್ಟೆ.

ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು. ಮೇಷ್ಟರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು. ಮಗು ಯಾವ ಸಾಲಿನಲ್ಲಿ ಆಕಳಿಸುತ್ತದೆ ಎಂದು ಅಂಥವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಮಕ್ಕಳ ಕವಿ ಎಂದು ಅವರನ್ನು ಬದಿಗೆ ಸರಿಸುವವರಿಗೆ ನಾನು ಹೇಳುವುದಿಷ್ಟು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದದ್ದು ಇದೇ ಮನುಷ್ಯ. ಅವರು ಇಟ್ಟುಕೊಂಡಿದ್ದ ಕಾವ್ಯನಾಮ ‘ಕವಿಶಿಷ್ಯ’. ನಿನ್ನ ಕಥೆಯ ಕೆಳಗೆ ನೀನು ಇಟ್ಟುಕೊಂಡಿರುವ ಕಾವ್ಯನಾಮದ ಬಗ್ಗೆ ನಾನೇನೂ ಹೇಳುವುದಿಲ್ಲ.

ಅವರದೆಲ್ಲವೂ ಚಿನ್ನ ಅಂತಲ್ಲ. ಕೆಲವು ಕಥೆಗಳು ಈಗ ನನಗೆ ಬರೀ ಗದ್ದಲ ಅನ್ನಿಸುತ್ತವೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಮಾತ್ರ ವರ್ಷ ಹೋದಷ್ಟೂ ಜಾಸ್ತಿ ನಗಿಸುತ್ತದೆ. ತಪ್ಪು ಯಾರದು ಎಂದು ಕೇಳಿದರೆ ಅವರು ಇವರ ಕಡೆ, ಇವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಹೋಗುತ್ತಾರೆ. ಕೊನೆಗೆ ಎಲ್ಲ ಒಂದು ಇರುವೆಯ ತಲೆಗೆ ಬರುತ್ತದೆ. ಒಂದು ಕಚೇರಿಯಲ್ಲಿ ಪಿಂಚಣಿ ಕಾಗದಕ್ಕೆ ಅಲೆದ ಮೇಲೆ ಈ ಕಥೆಯನ್ನು ಓದಬೇಕು ನೋಡು.

ಕರಡಿಗಳ ಮೇಲಿನ ಸಿಟ್ಟು ಯಾವಾಗಲೋ ಇಳಿದಿದೆ. ಎಲ್ಲಿಂದಲಾದರೂ ಬಂದಿರಲಿ, ನನ್ನ ಮಗಳಿಗೆ ಅವು ಕನ್ನಡದ ಕರಡಿಗಳೇ.

ನೀನೂ ಒಮ್ಮೆ ಅವರನ್ನು ತೆಗೆದು ಓದು. ಬಾಲ್ಯ ನೆನಪಾಗಿ ಕಣ್ಣು ತುಂಬಿಕೊಳ್ಳಲಿ ಎಂದಲ್ಲ, ಅದಕ್ಕೆ ಹಳೇ ಫೋಟೋ ಸಾಕು. ಪೆನ್ಸಿಲ್ ಹಿಡಿದುಕೊಂಡು, ಬಾಯಿಬಿಟ್ಟು ಓದು. ನಿನ್ನನ್ನು ಅಂದು ಕುಣಿಸಿದ ಜಾಗ ಯಾವುದು, ಅಲ್ಲಿ ಯಾವ ಅಕ್ಷರ ಕೂತಿದೆ ಎಂದು ಹುಡುಕು. ‘ತೆಂಕಣ ಗಾಳಿಯಾಟ’ದಿಂದ ಶುರು ಮಾಡಬಹುದು. ಅಲ್ಲಿ ಗಾಳಿ ಬುಸುಗುಟ್ಟುವ ಹಾವಿನ ಹಾಗೆ, ಹಸಿದ ಭೂತ ಕೂಗಿದ ಹಾಗೆ ಬರುತ್ತದೆ. ಕಿಟಕಿ ಹಾಕೋಣ ಅನ್ನಿಸುತ್ತದೆ.

ಈಗ ನಿನ್ನ ಕಥೆ. ಅಪ್ಪ ಮಗ ಮಾತಾಡದೆ ಊಟ ಮಾಡುವ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಎರಡನೇ ಪುಟದಲ್ಲಿ ಮಳೆ ಬರುತ್ತದೆ. ‘ವರ್ಷಧಾರೆಯು ಸುರಿಯತೊಡಗಿತು’ ಎಂದಿದ್ದೀಯ. ಮೂರು ಸಲ ಓದಿದೆ, ನನಗೆ ಸದ್ದೇ ಕೇಳಿಸಲಿಲ್ಲ. ಆ ಮಳೆಯೊಂದನ್ನು ಇನ್ನೊಮ್ಮೆ ಬರೆದು ಕಳಿಸು. ಈ ಸಲ ಜೋರಾಗಿ ಓದಿ ನೋಡುತ್ತೇನೆ.

ಇಂತಿ,
ನಿನ್ನ ಅಕ್ಕ